ಹೊಸದಾಗಿ ಡೆಬಿಯನ್ ಹಾಕಿ ಅಡ್ಮಿನ್ ಆದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗದಗದ ಪ್ರೆಸ್ಸು, ಬ್ಯಾಡಗಿಯ ದಲಾಲಿ ಅಂಗಡಿ, ಹುಬ್ಬಳ್ಳಿಯ ಶಾಲೆ ಲ್ಯಾಬು, ಇಂಥ ಕಡೆ ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟು ಬಂದ ಮೇಲೆ ನನಗೆ ಫೋನ್ ಬರುವುದು ಮಾಲೀಕರಿಂದಲ್ಲ. ‘ಇನ್ನ ಮುಂದ ಕಂಪ್ಯೂಟರ್ ನೀನ ನೋಡ್ಕೊ’ ಅಂತ ಮಾಲೀಕರು ಯಾರಿಗೆ ಹೇಳಿರುತ್ತಾರೋ ಅವರಿಂದ. ಅವರು ಡಿಸೈನ್ ಮಾಡುವವರೋ, ಲೆಕ್ಕ ಬರೆಯುವವರೋ, ಗಣಿತದ ಮೇಡಮ್ಮೋ ಆಗಿರುತ್ತಾರೆ. ಒಂದೇ ದಿನದಲ್ಲಿ ಅಡ್ಮಿನ್ ಆಗಿಬಿಡುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ನಾನೇ ಹೇಳುತ್ತೇನೆ. ಲಿನಕ್ಸ್‌ಗೆ ಸಣ್ಣ ಅಕ್ಷರ ಬೇರೆ, ದೊಡ್ಡ ಅಕ್ಷರ ಬೇರೆ.

## ಮೊದಲ ದಿನ

ಪಾಸ್‌ವರ್ಡ್ ಹೊಡೀಲಿಕತ್ತೀನ್ರಿ, ಸ್ಕ್ರೀನ್ ಮ್ಯಾಲ ಏನೂ ಬರವಲ್ದು. ಕೀಬೋರ್ಡ್ ಕೆಟ್ಟೈತೇನು?

ಕೆಟ್ಟಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ, ಪಾಸ್‌ವರ್ಡ್ ಟೈಪ್ ಮಾಡುವಾಗ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಪಾಸ್‌ವರ್ಡ್ ಎಷ್ಟು ಅಕ್ಷರದ್ದು ಅಂತಲೂ ಗೊತ್ತಾಗಬಾರದು ಅಂತ ಹಾಗೆ ಮಾಡಿದ್ದಾರೆ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ತಪ್ಪಿತು ಅಂದರೆ ಮೊದಲು ಕ್ಯಾಪ್ಸ್ ಲಾಕ್ ದೀಪ ನೋಡಿ.

ರೂಟ್ ಅಂದ್ರ ಯಾರು? ನಾನs ರೂಟ್ ಆಗಿ ಕುಂತ್ರ ಏನ್ ತಪ್ಪು?

ರೂಟ್ ಅಂದರೆ ಆ ಯಂತ್ರದಲ್ಲಿ ಯಾವ ತಡೆಯೂ ಇಲ್ಲದ ಖಾತೆ. ಸಿಸ್ಟಮ್ ಒಳಗೆ ಅದರ ನಂಬರ್ 0. ಡೆಬಿಯನ್ ಹಾಕುವಾಗ ನೀವು ಕೊಟ್ಟ ನಿಮ್ಮ ಹೆಸರಿನ ಖಾತೆಯ ನಂಬರ್ 1000. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಶುರು ಮಾಡಿದ್ದು ಒಂದೇ ಯಂತ್ರದಲ್ಲಿ ಹಲವರು ಕೂತು ಕೆಲಸ ಮಾಡಲಿ ಅಂತ. ಒಬ್ಬರ ಫೈಲ್ ಇನ್ನೊಬ್ಬರು ಕೆಡಿಸಬಾರದು ಅನ್ನುವ ಯೋಚನೆ ಅದರ ಹುಟ್ಟಿನಲ್ಲೇ ಇದೆ.

ರೂಟ್ ಆಗಿ ಕೂತರೆ ಆ ಕಾವಲು ಹೋಗುತ್ತದೆ. ನಿಮ್ಮ ಖಾತೆಯಲ್ಲಿ ತಪ್ಪು ಕಮಾಂಡ್ ಹೊಡೆದರೆ ನಿಮ್ಮ ಫೈಲ್ ಮಾತ್ರ ಹೋಗಬಹುದು. ರೂಟ್ ಆಗಿ ಹೊಡೆದರೆ ಇಡೀ ಅಂಗಡಿಯ ಲೆಕ್ಕ ಹೋಗಬಹುದು. ಅದಕ್ಕೇ ದಿನದ ಕೆಲಸ ಎಲ್ಲ ನಿಮ್ಮ ಹೆಸರಿನಲ್ಲೇ ಮಾಡಿ. ಅಡ್ಮಿನ್ ಕೆಲಸ ಬಂದಾಗ ಆ ಒಂದು ಕಮಾಂಡ್‌ಗೆ ಮಾತ್ರ ಮುಂದೆ ‘ಸುಡೊ’ ಸೇರಿಸಿ. ಸುಡೊ ಹೊಡೆದದ್ದು ಯಾರು, ಯಾವಾಗ, ಯಾವ ಕಮಾಂಡ್ ಅನ್ನುವುದು ಲಾಗ್‌ನಲ್ಲಿ, ಅಂದರೆ ಸಿಸ್ಟಮ್ ಬರೆದಿಡುವ ದಾಖಲೆಯಲ್ಲಿ, ಉಳಿಯುತ್ತದೆ. ಇಬ್ಬರು ಅಡ್ಮಿನ್ ಇರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ.

ಸುಡೊ ಹೊಡದ್ರ ‘ಕಮಾಂಡ್ ನಾಟ್ ಫೌಂಡ್’ ಅಂತದ. ಗೆಳೆಯಾನ ಕಂಪ್ಯೂಟರ್‌ನಾಗ ನಡೀತದ, ನಮ್ಮದ್ರಾಗ ಯಾಕಿಲ್ಲ?

ಇನ್‌ಸ್ಟಾಲ್ ಮಾಡುವಾಗ ನೀವಿಬ್ಬರೂ ಬೇರೆ ಬೇರೆ ಉತ್ತರ ಕೊಟ್ಟಿದ್ದೀರಿ. ಡೆಬಿಯನ್ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಖಾಲಿ ಬಿಟ್ಟರೆ ರೂಟ್ ಖಾತೆಗೆ ಬೀಗ ಬೀಳುತ್ತದೆ, ಮೊದಲ ಖಾತೆಗೆ ಸುಡೊ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ನಿಮ್ಮ ಖಾತೆಗೆ ಸುಡೊ ಸಿಗುವುದಿಲ್ಲ.

ಈಗ ಸರಿ ಮಾಡಬೇಕಾದರೆ ‘ಎಸ್‌ಯು’, ಒಂದು ಸ್ಪೇಸ್, ಒಂದು ಹೈಫನ್ ಹೊಡೆದು ರೂಟ್ ಆಗಿ. ‘ಆಪ್ಟ್ ಇನ್‌ಸ್ಟಾಲ್ ಸುಡೊ’ ಮಾಡಿ. ಆಪ್ಟ್ ಅಂದರೆ ಪ್ಯಾಕೇಜ್‌ಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ತರಿಸಿ ಹಾಕುವ ಕಮಾಂಡ್. ಆಮೇಲೆ ‘ಆ್ಯಡ್‌ಯೂಸರ್’, ನಿಮ್ಮ ಖಾತೆಯ ಹೆಸರು, ‘ಸುಡೊ’. ಇಷ್ಟಾದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಇದನ್ನು ಬಿಟ್ಟು ‘ಆಗವಲ್ದು’ ಅಂತ ಫೋನ್ ಮಾಡುವವರೇ ಜಾಸ್ತಿ. ಹೊಸ ಗುಂಪಿಗೆ ಸೇರಿದ್ದು ಮುಂದಿನ ಲಾಗಿನ್‌ನಿಂದಲೇ ಲೆಕ್ಕಕ್ಕೆ ಬರುತ್ತದೆ.

ಆ ಹೈಫನ್ ಮರೆಯಬೇಡಿ. ಬರೀ ‘ಎಸ್‌ಯು’ ಅಂದರೆ ರೂಟ್ ಆಗುತ್ತೀರಿ, ಆದರೆ ಕಮಾಂಡ್ ಹುಡುಕುವ ದಾರಿ ನಿಮ್ಮ ಹಳೇದೇ ಉಳಿಯುತ್ತದೆ. ಆ್ಯಡ್‌ಯೂಸರ್‌ನಂಥ ಅಡ್ಮಿನ್ ಕಮಾಂಡ್‌ಗಳು ಆ ದಾರಿಯಲ್ಲಿ ಇಲ್ಲ. ಹೈಫನ್ ಹಾಕಿದರೆ ರೂಟ್‌ನ ಸ್ವಂತ ದಾರಿ ಸಿಗುತ್ತದೆ.

ಏನ್ ಇನ್‌ಸ್ಟಾಲ್ ಮಾಡಾಕ ಹೋದ್ರೂ ಡಿಸ್ಕ್ ಹಾಕು ಅಂತ ಕೇಳ್ತೈತ್ರಿ. ಡಿಸ್ಕ್ ಎಲ್ಲಿಂದ ತರ್ಲಿ?

ತರಬೇಕಿಲ್ಲ. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನು ಅದು ಇನ್ನೂ ತನ್ನ ಉಗ್ರಾಣ ಅಂದುಕೊಂಡಿದೆ. ಸೆಟಿಂಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರ್‌ನ ಒಳಗೆ ಆಪ್ಟ್ ಫೋಲ್ಡರ್, ಅದರಲ್ಲಿ ‘ಸೋರ್ಸಸ್ ಡಾಟ್ ಲಿಸ್ಟ್’ ಫೈಲ್. ‘ಸುಡೊ ನ್ಯಾನೊ’ದಲ್ಲಿ (ನ್ಯಾನೊ ಅಂದರೆ ಫೈಲ್ ತಿದ್ದುವ ಪ್ರೋಗ್ರಾಮ್) ತೆಗೆದರೆ ‘ಸಿಡಿರಾಮ್’ ಅಂತ ಇರುವ ಸಾಲು ಸಿಗುತ್ತದೆ. ಆ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು (#) ಹಾಕಿ ಸೇವ್ ಮಾಡಿ, ಆ ಸಾಲನ್ನು ಸಿಸ್ಟಮ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲನ್ನು ಅಳಿಸುವುದಕ್ಕಿಂತ ಹ್ಯಾಷ್ ಹಾಕುವುದು ಒಳ್ಳೆಯದು, ನಾಳೆ ಬೇಕಾದರೆ ತೆಗೆಯಬಹುದು. ಕೆಳಗೆ ಡೆಬಿಯನ್‌ನ ನೆಟ್ ವಿಳಾಸದ ಸಾಲುಗಳು ಇವೆಯೇ ಅಂತಲೂ ನೋಡಿ. ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿದ್ದರೆ ಅವು ಇರುವುದಿಲ್ಲ.

ಅಪ್‌ಡೇಟ್, ಅಪ್‌ಗ್ರೇಡ್ ಎರಡೂ ಒಂದೇ ಅಲ್ವಾ?

ಅಲ್ಲ. ‘ಆಪ್ಟ್ ಅಪ್‌ಡೇಟ್’ ಅಂದರೆ ಏನೇನು ಹೊಸದು ಬಂದಿದೆ ಅನ್ನುವ ಪಟ್ಟಿ ತರಿಸುವುದು. ‘ಆಪ್ಟ್ ಅಪ್‌ಗ್ರೇಡ್’ ಅಂದರೆ ಆ ಪಟ್ಟಿ ನೋಡಿ ಮಾಲು ಇಳಿಸುವುದು. ಬರೀ ಅಪ್‌ಡೇಟ್ ಮಾಡಿ ‘ಎಲ್ಲಾ ಹೊಸದಾತು’ ಅಂದುಕೊಂಡರೆ ಒಂದೂ ಬದಲಾಗಿರುವುದಿಲ್ಲ. ಭದ್ರತೆಯ ತಿದ್ದುಪಡಿಗಳು ತಾವೇ ಬರಲಿ ಅಂದರೆ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಪ್ಯಾಕೇಜ್ ಹಾಕಿ. ಶಾಲೆ ಲ್ಯಾಬಿಗೆ ನಾನು ಇದನ್ನು ಹಾಕದೆ ಬರುವುದಿಲ್ಲ.

ವಿಂಡೋಸ್‌ಗೆ ಹೋಗಿ ಬಂದ್ರ ಗಡಿಯಾರ ಐದೂವರೆ ತಾಸು ಹಿಂದ್ಮುಂದ ಆಗ್ತದ. ಬ್ಯಾಟರಿ ಹೋಗೇತೇನು?

ಸರಿಯಾಗಿ ಐದೂವರೆ ತಾಸಿನ ವ್ಯತ್ಯಾಸ ಇದ್ದರೆ ಬ್ಯಾಟರಿಯದ್ದಲ್ಲ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ನಮ್ಮ ಸಮಯ ಇಡುತ್ತದೆ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತಪ್ಪು ಓದುತ್ತಾರೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಅಂದರೆ ಲಿನಕ್ಸ್ ಕೂಡ ವಿಂಡೋಸ್ ಹಾಗೇ ನಡೆದುಕೊಳ್ಳುತ್ತದೆ. ಬರೀ ಲಿನಕ್ಸ್ ಇರುವ ಯಂತ್ರದಲ್ಲಿ ಇದನ್ನು ಮಾಡಬೇಡಿ.

ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಆಗ ಬ್ಯಾಟರಿ. ಬೋರ್ಡ್ ಮೇಲಿನ ನಾಣ್ಯದಂಥ ಸೆಲ್, ಸಾಮಾನ್ಯವಾಗಿ ಸಿಆರ್ 2032. ತಾರೀಖು ತಪ್ಪಿದ್ದರೆ ಆಪ್ಟ್ ಅಪ್‌ಡೇಟ್ ಆಗುವುದಿಲ್ಲ, ಬ್ಯಾಂಕಿನ ಪುಟವೂ ತೆರೆಯುವುದಿಲ್ಲ. ನೆಟ್ ಕೆಟ್ಟಿದೆ ಅಂತ ಕೇಬಲ್‌ನವರಿಗೆ ಫೋನ್ ಮಾಡುವ ಮುಂಚೆ ಒಮ್ಮೆ ತಾರೀಖು ನೋಡಿ.

## ಕೆಲಸ ಶುರುವಾದ ಮೇಲೆ

ಕನ್ನಡ ಬರೀ ಡಬ್ಬಿ ಡಬ್ಬಿ ಕಾಣ್ತೈತಿ. ನುಡಿ ಸಾಫ್ಟ್‌ವೇರಿನೊಳಗ ಮಾಡಿದ ಹಳೇ ಫೈಲ್ ತೆಗೆದ್ರ ಇಂಗ್ಲಿಷ್ ಕಲಸುಮೇಲೋಗರ. ಎರಡೂ ಒಂದೇ ತೊಂದ್ರೆಯೇನ್ರಿ?

ಎರಡೂ ಬೇರೆ. ಡಬ್ಬಿ ಕಂಡರೆ ಅಕ್ಷರ ಸರಿ ಇದೆ, ತೋರಿಸಲು ಫಾಂಟ್ ಇಲ್ಲ ಅಂತ ಅರ್ಥ. ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿ. ಗುಬ್ಬಿ, ನವಿಲು ಅನ್ನುವ ಚಂದದ ಹೆಸರಿನ ಫಾಂಟ್‌ಗಳು ಬರುತ್ತವೆ. ಟೈಪ್ ಮಾಡಲು ‘ಐಬಸ್-ಎಂ17ಎನ್’ ಹಾಕಿದರೆ ಅದರಲ್ಲಿ ಕೆಜಿಪಿ ಕೀಬೋರ್ಡ್ ವಿನ್ಯಾಸ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಇಂಗ್ಲಿಷ್ ಕಲಸಿದ ಹಾಗೆ ಕಂಡರೆ ಅದು ಹಳೇ ಆಸ್ಕಿ ಫಾಂಟಿನ ಫೈಲ್. ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಮಾತ್ರ ಇಂಗ್ಲಿಷ್. ಹುಡುಕಿದರೆ ಸಿಗುವುದಿಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯುನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಉಳಿಗಾಲ. ಪರಿವರ್ತಕಗಳು ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಓದಿ ತಿದ್ದಬೇಕು. ಗದಗದ ಪ್ರೆಸ್ಸುಗಳಲ್ಲಿ ಇಂಥ ಫೈಲ್‌ಗಳು ಕಟ್ಟು ಕಟ್ಟು ಬಿದ್ದಿವೆ. ಆ ಪುಸ್ತಕಗಳ ಕನ್ನಡ ಹುಡುಕಲು ಸಿಗುವಂತಾಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಮೂಲ ಫೈಲನ್ನು ಎಂದೂ ಅಳಿಸಬೇಡಿ.

ಪರ್ಮಿಷನ್ ಡಿನೈಡ್ ಅಂತ ಬಂದ್ರ 777 ಕೊಟ್ಟುಬಿಡು ಅಂತಾರ. ಕೊಡ್ಲ್ಯಾ?

ಬೇಡ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಓದಲು 4, ಬರೆಯಲು 2, ಓಡಿಸಲು 1. ಕೂಡಿಸಿದರೆ ಒಂದು ಅಂಕೆ. ಮೂರು ಅಂಕೆಗಳಲ್ಲಿ ಮೊದಲನೆಯದು ಫೈಲಿನ ಒಡೆಯರಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೂ. 644 ಅಂದರೆ ಒಡೆಯರು ಬರೆಯಬಹುದು, ಬೇರೆಯವರು ಬರೀ ಓದಬಹುದು. 777 ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು.

ಒಂದು ಪ್ರೆಸ್ಸಿನಲ್ಲಿ ಲಗ್ನದ ಸೀಸನ್. ಲಗ್ನಪತ್ರಿಕೆಯ ಫೋಲ್ಡರ್ ಇಬ್ಬರು ಡಿಸೈನರ್‌ಗಳ ನಡುವೆ ಹಂಚಿಕೆಯಾಗುತ್ತಿರಲಿಲ್ಲ. ಒಬ್ಬ ಹುಡುಗ ಬೇಸತ್ತು ಸುಡೊ ಹಾಕಿ, ಅನುಮತಿ ಬದಲಿಸುವ ‘ಸಿಎಚ್‌ಮೋಡ್’ಗೆ ದೊಡ್ಡ ಆರ್ (ಒಳಗಿನ ಎಲ್ಲಕ್ಕೂ ಅನ್ನುವ ಗುರುತು) ಸೇರಿಸಿ 777 ಕೊಟ್ಟ. ಫೋಲ್ಡರ್ ಹೆಸರಿನ ಮುಂದೆ ಬರೀ ಓರೆಗೆರೆ (/), ಆಮೇಲೆ ಒಂದು ಸ್ಪೇಸ್ ಬಿತ್ತು. ಬರೀ ಓರೆಗೆರೆ ಅಂದರೆ ಇಡೀ ಡಿಸ್ಕಿನ ಬುಡ. ಅವನು ಕಂಟ್ರೋಲ್ ಸಿ ಒತ್ತುವ ಹೊತ್ತಿಗೆ ಸಾವಿರಾರು ಫೈಲ್‌ಗಳ ಅನುಮತಿ ಬದಲಾಗಿತ್ತು. ನಾನು ಹೋಗಿ ನೋಡಿದರೆ ಸುಡೊ ಕೆಲಸ ಮಾಡಲಿಲ್ಲ. ಸುಡೊ ಫೈಲ್ ಮೇಲೆ ಇರಬೇಕಾದ ವಿಶೇಷ ಗುರುತು 777ರಿಂದ ಅಳಿಸಿಹೋಗುತ್ತದೆ. ಎಸ್‌ಯು ಕೂಡ ಅದೇ ಗುರುತಿನ ಮೇಲೆ ನಿಂತಿದೆ, ಅದೂ ಹೋಗಿತ್ತು. ಅಂದರೆ ತಪ್ಪನ್ನು ತಿದ್ದುವ ಕೈಯೇ ಇರಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡೇಟಾ ತೆಗೆದು, ಹೊಸದಾಗಿ ಹಾಕಿದೆವು. ಆ ಹುಡುಗ ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದ. ಈಗ ಅವನೇ ಅಲ್ಲಿ ಒಳ್ಳೆಯ ಅಡ್ಮಿನ್.

ಅವತ್ತು ಬೇಕಾಗಿದ್ದದ್ದು ಇಷ್ಟೇ: ‘ಪ್ರೆಸ್’ ಅಂತ ಒಂದು ಗುಂಪು ಮಾಡಿ, ಇಬ್ಬರನ್ನೂ ಅದಕ್ಕೆ ಸೇರಿಸಿ, ಫೋಲ್ಡರನ್ನು ಆ ಗುಂಪಿಗೆ ಕೊಟ್ಟು, ಅನುಮತಿ 2775 ಇಡುವುದು. ಮುಂದಿನ ಆ 2 ಇದ್ದರೆ ಒಳಗೆ ಹುಟ್ಟುವ ಹೊಸ ಫೈಲ್‌ಗಳೂ ಅದೇ ಗುಂಪಿಗೆ ಸೇರುತ್ತವೆ.

ದಿನಾ ಕರೆಂಟ್ ಹೋಗಿ ಬಂದು ಮಾಡ್ತೈತಿ. ಸಿಸ್ಟಮ್ ಹಾಳಾಗಂಗಿಲ್ಲೇನು?

ಸಿಸ್ಟಮ್ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ನಿಮ್ಮ ಕೆಲಸ ತಡೆದುಕೊಳ್ಳುವುದಿಲ್ಲ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡಲು ಡೆಬಿಯನ್ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಪದ್ಧತಿಯಲ್ಲಿ ಜರ್ನಲ್ ಇದೆ. ದಲಾಲಿ ಅಂಗಡಿಯಲ್ಲಿ ಮೊದಲು ಕೀರ್ದಿಯಲ್ಲಿ ಬರೆದು ಆಮೇಲೆ ಖತಾವಣಿಗೆ ಏರಿಸುತ್ತಾರಲ್ಲ, ಹಾಗೆ. ನಡುವೆ ಕರೆಂಟ್ ಹೋದರೆ ಎದ್ದ ಮೇಲೆ ಕೀರ್ದಿ ನೋಡಿ ಖತಾವಣಿ ಸರಿಮಾಡಿಕೊಳ್ಳುತ್ತದೆ. ಆದರೆ ಆ ಕೀರ್ದಿಯಲ್ಲಿ ಇರುವುದು ಫೈಲ್‌ಗಳ ವಿವರ. ನೀವು ಸೇವ್ ಮಾಡದ ಬಿಲ್ಲು ಅಲ್ಲಿ ಇರುವುದಿಲ್ಲ.

ಯುಪಿಎಸ್ ಬೇಕೇ ಬೇಕು. ಕೊಳ್ಳುವಾಗ ಯುಎಸ್‌ಬಿ ಪೋರ್ಟ್ ಇರುವುದನ್ನು ನೋಡಿ. ‘ನಟ್’ ಅನ್ನುವ ಪ್ಯಾಕೇಜ್ ಅದರ ಜೊತೆ ಮಾತಾಡಿ, ಬ್ಯಾಟರಿ ತಳ ಮುಟ್ಟುವ ಮುಂಚೆ ಯಂತ್ರವನ್ನು ಸರಿಯಾಗಿ ಆರಿಸುತ್ತದೆ. ಎದ್ದ ಮೇಲೆ ಡಿಸ್ಕ್ ತಪಾಸಣೆ ಬೇಕು ಅನಿಸಿದರೆ ‘ಎಫ್‌ಎಸ್‌ಸಿಕೆ’ಯನ್ನು ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಓಡಿಸಬೇಡಿ. ಸರಿ ಇದ್ದದ್ದೂ ಕೆಡಬಹುದು.

ಡಿಸ್ಕ್ ತುಂಬೈತಿ ಅಂತೈತಿ. ಏನ್ ಅಳಿಸ್ಲಿ?

ಅಳಿಸುವ ಮುಂಚೆ ನೋಡಿ. ‘ಡಿಎಫ್ ಹೈಫನ್ ಎಚ್’ ಯಾವ ಭಾಗ ತುಂಬಿದೆ ಅಂತ ಹೇಳುತ್ತದೆ. ‘ಡಿಯು ಹೈಫನ್ ಎಸ್‌ಎಚ್’ ಯಾವ ಫೋಲ್ಡರ್ ಎಷ್ಟು ತಿಂದಿದೆ ಅಂತ ಹೇಳುತ್ತದೆ. ‘ಆಪ್ಟ್ ಕ್ಲೀನ್’ ಹೊಡೆದರೆ ಇಳಿಸಿಟ್ಟ ಹಳೇ ಪ್ಯಾಕೇಜ್‌ಗಳು ಹೋಗುತ್ತವೆ, ಅದರಿಂದ ಏನೂ ಅಪಾಯ ಇಲ್ಲ. ಇನ್ನೊಂದು ವಿಷಯ: ಇಎಕ್ಸ್‌ಟಿ4 ನೂರಕ್ಕೆ 5 ಪಾಲು ಜಾಗವನ್ನು ರೂಟ್‌ಗೆ ಅಂತ ಎತ್ತಿಟ್ಟಿರುತ್ತದೆ. 1000 ಜಿಬಿ ಡಿಸ್ಕಿನಲ್ಲಿ ಅದು 50 ಜಿಬಿ. ಬರೀ ಡೇಟಾ ಇಡುವ ಡಿಸ್ಕ್ ಆದರೆ ‘ಟ್ಯೂನ್2ಎಫ್‌ಎಸ್’ನಿಂದ ಅದನ್ನು 1ಕ್ಕೆ ಇಳಿಸಬಹುದು. ಸಿಸ್ಟಮ್ ಇರುವ ಡಿಸ್ಕಿನಲ್ಲಿ ಅದನ್ನು ಮುಟ್ಟಬೇಡಿ. ಎಲ್ಲಾ ತುಂಬಿದಾಗ ನೀವು ಒಳಗೆ ಬಂದು ಸ್ವಚ್ಛ ಮಾಡಲು ಅದೇ ಜಾಗ ಬೇಕು.

## ಸ್ವಲ್ಪ ಆಳಕ್ಕೆ

ಬ್ಯಾಕಪ್ ತಗೊಂಡೀವ್ರಿ, ಅದೇ ಡಿಸ್ಕಿನ್ಯಾಗ ಬ್ಯಾರೆ ಫೋಲ್ಡರ್‌ನಾಗ. ಸಾಕಲ್ಲ?

ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿ ಇರಲಿ, ಒಂದು ಬೇರೆ ಊರಲ್ಲೋ ಬೇರೆ ಮನೆಯಲ್ಲೋ ಇರಲಿ. ಅಂಗಡಿಯವರಿಗೆ ನಾನು ಹೇಳುವುದು: ಎರಡು ಯುಎಸ್‌ಬಿ ಡಿಸ್ಕ್ ತನ್ನಿ. ಒಂದು ಅಂಗಡಿಯಲ್ಲಿ, ಒಂದು ಮನೆಯ ಕಪಾಟಿನಲ್ಲಿ. ಪ್ರತಿ ಸೋಮವಾರ ಅದಲು ಬದಲು.

ನಕಲಿಗೆ ‘ಆರ್‌ಸಿಂಕ್ ಹೈಫನ್ ಎ’ ಸಾಕು. ಬದಲಾದದ್ದನ್ನು ಮಾತ್ರ ಒಯ್ಯುತ್ತದೆ. ಮೂಲ ಫೋಲ್ಡರ್ ಹೆಸರಿನ ಕೊನೆಯಲ್ಲಿ ಓರೆಗೆರೆ ಹಾಕಿದರೆ ಒಳಗಿನ ಫೈಲ್‌ಗಳು ಹೋಗುತ್ತವೆ, ಹಾಕದಿದ್ದರೆ ಫೋಲ್ಡರೇ ಹೋಗಿ ಒಳಗೆ ಕೂರುತ್ತದೆ. ‘ಡಿಲೀಟ್’ ಆಯ್ಕೆ ಹುಷಾರು. ಮೂಲದಲ್ಲಿ ಇಲ್ಲದ್ದನ್ನು ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ಯಾವತ್ತೋ ಮೂಲ ಡಿಸ್ಕ್ ಮೌಂಟ್ ಆಗದೆ, ಅಂದರೆ ಸಿಸ್ಟಮ್‌ಗೆ ಜೋಡಣೆಯಾಗದೆ, ಫೋಲ್ಡರ್ ಖಾಲಿ ಇದ್ದರೆ ಬ್ಯಾಕಪ್ ಕೂಡ ಖಾಲಿ ಆಗುತ್ತದೆ.

ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು, ಬೇರೆ ಯಂತ್ರದಲ್ಲಿ ತೆರೆದು ನೋಡಿ. ಹೋದ ತಿಂಗಳ ಒಂದು ಬಿಲ್ಲು, ಮೊತ್ತ ಸರಿ ಇದೆಯಾ, ಅಷ್ಟೇ. ವಾಪಸ್ ತೆಗೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೈಯಿಂದ ಓಡಿಸಿದ್ರ ಸ್ಕ್ರಿಪ್ಟ್ ನಡೀತದ, ಕ್ರಾನ್‌ನಾಗ ಹಾಕಿದ್ರ ಇಲ್ಲ. ಯಾಕ್ರಿ?

ಸ್ಕ್ರಿಪ್ಟ್ ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್, ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಅದನ್ನು ತಾನೇ ಓಡಿಸುವ ಪ್ರೋಗ್ರಾಮ್. ಓಡದಿರಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಕ್ರಾನ್‌ಗೆ ನಿಮ್ಮ ಟರ್ಮಿನಲ್‌ಗೆ ಗೊತ್ತಿರುವ ದಾರಿಗಳೆಲ್ಲ ಗೊತ್ತಿಲ್ಲ. ಸ್ಕ್ರಿಪ್ಟ್‌ನಲ್ಲಿ ಪ್ರತಿ ಕಮಾಂಡ್, ಪ್ರತಿ ಫೋಲ್ಡರ್‌ನ ಪೂರ್ತಿ ವಿಳಾಸ ಬರೆಯಿರಿ. ಎರಡು, ನೀವು ಬ್ಯಾಕಪ್‌ಗೆ ರಾತ್ರಿ 2 ಗಂಟೆ ಇಟ್ಟಿದ್ದೀರಿ, ಅಂಗಡಿಯವರು 9ಕ್ಕೇ ಮೇನ್ ಸ್ವಿಚ್ ತೆಗೆದು ಹೋಗುತ್ತಾರೆ. ತಪ್ಪಿದ ಹೊತ್ತನ್ನು ಕ್ರಾನ್ ಮತ್ತೆ ಹಿಡಿಯುವುದಿಲ್ಲ. ಅಂಥ ಕಡೆ ‘ಅನಾಕ್ರಾನ್’ ಬಳಸಿ. ಬೆಳಿಗ್ಗೆ ಆನ್ ಮಾಡಿದ ಮೇಲೆ ಬಾಕಿ ಉಳಿದ ಕೆಲಸ ಅದು ಮಾಡುತ್ತದೆ.

ಧಾರವಾಡದ ಮನ್ಯಾಗ ಕುಂತು ಹುಬ್ಬಳ್ಳಿ ಆಫೀಸಿನ ಯಂತ್ರ ನೋಡ್ಕೋಬಹುದಾ?

ದೂರದ ಯಂತ್ರದಲ್ಲಿ ಕಮಾಂಡ್ ಹೊಡೆಯಲು ಬಿಡುವ ಎಸ್‌ಎಸ್‌ಎಚ್‌ನಿಂದ ಆಗುತ್ತದೆ. ಆದರೆ ನೆಟ್‌ಗೆ ತೆರೆದಿಟ್ಟ 22ನೇ ಪೋರ್ಟಿಗೆ, ಅಂದರೆ ಎಸ್‌ಎಸ್‌ಎಚ್‌ನ ಬಾಗಿಲಿಗೆ, ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲು ರಾತ್ರಿ ಬಂದು ತಟ್ಟುತ್ತವೆ. ಪಾಸ್‌ವರ್ಡ್ ಬಿಟ್ಟು ಕೀ ಬಳಸಿ: ‘ಎಸ್‌ಎಸ್‌ಎಚ್-ಕೀಜೆನ್’ನಿಂದ ಗುಪ್ತ, ಸಾರ್ವಜನಿಕ ಕೀಗಳ ಜೋಡಿ ಮಾಡಿ, ಸಾರ್ವಜನಿಕ ಕೀಯನ್ನು ಆಫೀಸಿನ ಯಂತ್ರಕ್ಕೆ ಹಾಕಿ, ಕೀಯಿಂದ ಒಳಗೆ ಹೋಗಲು ಆಗುತ್ತದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಸೆಟಿಂಗ್ ಬದಲಿಸುವಾಗ ಈಗಿರುವ ಸಂಪರ್ಕ ಕಡಿಯಬೇಡಿ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಗೆ ಬಂದು ನೋಡಿ, ಆಮೇಲೆ ಮೊದಲನೆಯದನ್ನು ಮುಚ್ಚಿ. ಹೊರಗಿನ ಸಂಪರ್ಕ ತಡೆಯುವ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕುವವರು ‘ಅಲೌ ಎಸ್‌ಎಸ್‌ಎಚ್’ ಮೊದಲು, ‘ಎನೇಬಲ್’ ಆಮೇಲೆ. ಅದಲು ಬದಲಾದರೆ ಧಾರವಾಡದಿಂದ ಬಸ್ ಹಿಡಿಯಬೇಕಾಗುತ್ತದೆ.

ರೂಟ್ ಪಾಸ್‌ವರ್ಡ್ ಮರತೀನಿ. ಎಲ್ಲಾ ಹೋತೇನು?

ಏನೂ ಹೋಗಿಲ್ಲ. ಬೂಟ್ ಆಗುವಾಗ ಮೊದಲು ಕಾಣುವ ಗ್ರಬ್ ಪರದೆಯಲ್ಲಿ (ಯಾವ ಸಿಸ್ಟಮ್ ಅಂತ ಆರಿಸುವ ಪಟ್ಟಿ) ‘ಇ’ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಗೆ ‘ಇನಿಟ್’, ಸಮ ಚಿಹ್ನೆ, ಬಿನ್ ಫೋಲ್ಡರ್‌ನ ಬ್ಯಾಷ್ ವಿಳಾಸ ಸೇರಿಸಿ ಎಫ್10 ಒತ್ತಿ. ಪಾಸ್‌ವರ್ಡ್ ಕೇಳದೆ ರೂಟ್ ಸಿಗುತ್ತದೆ. ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ. ಅದನ್ನು ಬರೆಯಲೂ ಆಗುವಂತೆ ರೀಮೌಂಟ್ ಮಾಡಿ (ಮತ್ತೆ ಜೋಡಿಸಿ), ‘ಪಾಸ್‌ಡಬ್ಲ್ಯುಡಿ’ ಹೊಡೆದು ಹೊಸದು ಕೊಡಿ, ‘ಸಿಂಕ್’ ಮಾಡಿ, ‘ರೀಬೂಟ್ ಹೈಫನ್ ಎಫ್’.

ಇದು ಓದಿ ನಿಮಗೆ ಗಾಬರಿ ಆಗಬೇಕು. ಯಂತ್ರದ ಮುಂದೆ ಐದು ನಿಮಿಷ ಕೂತ ಯಾರಾದರೂ ಹೀಗೆ ಒಳಗೆ ಬರಬಹುದು. ಲೆಕ್ಕದ ಯಂತ್ರವನ್ನು ಬೀಗ ಇರುವ ಕೋಣೆಯಲ್ಲಿ ಇಡಿ. ಲ್ಯಾಪ್‌ಟಾಪ್ ಆದರೆ ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಿ. ಆ ಗುಪ್ತಪದ ಮರೆತರೆ ಮಾತ್ರ ನಿಜವಾಗಿಯೂ ಎಲ್ಲಾ ಹೋಗುತ್ತದೆ.

ಎರಡನೇ ಡಿಸ್ಕ್ ತೆಗೆದಿಟ್ಟೆ. ಈಗ ಬೂಟ್ ಆಗವಲ್ದು, ‘ಎಮರ್ಜೆನ್ಸಿ ಮೋಡ್’ ಅಂತ ನಿಂತೈತಿ.

ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ ಇರುವ ಇಟಿಸಿಯ ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ಆ ಡಿಸ್ಕಿನ ಸಾಲು ಇನ್ನೂ ಇದೆ. ಅದು ಬರಲಿ ಅಂತ ಸಿಸ್ಟಮ್ ಒಂದೂವರೆ ನಿಮಿಷ ಕಾದು ಕೈಚೆಲ್ಲಿದೆ. ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಆ ಸಾಲಿಗೆ ಹ್ಯಾಷ್ ಹಾಕಿ ರೀಬೂಟ್ ಮಾಡಿ. ರೂಟ್‌ಗೆ ಬೀಗ ಹಾಕಿದವರಿಗೆ ಇಲ್ಲಿ ಬಾಗಿಲು ತೆರೆಯುವುದಿಲ್ಲ. ಅವರು ಮೇಲಿನ ಗ್ರಬ್ ದಾರಿಯನ್ನೇ ಹಿಡಿಯಬೇಕು. ಮುಂದೆ ತೆಗೆದು ಹಾಕುವ ಡಿಸ್ಕಿನ ಸಾಲಿನಲ್ಲಿ ‘ನೋಫೇಲ್’ ಅಂತ ಸೇರಿಸಿ, ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ಎಫ್‌ಎಸ್‌ಟ್ಯಾಬ್ ಮುಟ್ಟಿದ ಮೇಲೆ ‘ಮೌಂಟ್ ಹೈಫನ್ ಎ’ ಹೊಡೆದು, ತಪ್ಪು ಬರದಿದ್ದರೆ ಮಾತ್ರ ರೀಬೂಟ್.

ನಾ ಈ ಕೆಲಸ ಬಿಡಾಕತ್ತೀನ್ರಿ. ಮುಂದ ಬರೋರಿಗೆ ಏನ್ ಕೊಟ್ಟು ಹೋಗ್ಲಿ?

ಹೀಗೆ ಕೇಳುವವರು ಕಡಿಮೆ. ನೀವು ಕೇಳಿದ್ದು ನನಗೆ ಖುಷಿ.

ಒಂದು ನೂರು ಪುಟದ ನೋಟ್‌ಬುಕ್ ಕೊಡಿ. ಮೊದಲ ದಿನದಿಂದಲೇ ಇಟ್ಟಿದ್ದರೆ ಬಹಳ ಒಳ್ಳೆಯದು. ತಾರೀಖು, ಯಾವ ಫೈಲ್ ಬದಲಿಸಿದೆ, ಯಾಕೆ, ವಾಪಸ್ ಮಾಡುವುದು ಹೇಗೆ, ನಾಲ್ಕೇ ಸಾಲು. ನಾನು ನೋಡಿಕೊಳ್ಳುವ ಒಂದು ಶಾಲೆಯ ಲ್ಯಾಬಿನಲ್ಲಿ ಮೇಡಮ್ ಒಬ್ಬರು ಇಟ್ಟಿರುವ ನೋಟ್‌ಬುಕ್‌ಗೆ ಬ್ರೌನ್ ಕಾಗದದ ಹೊದಿಕೆ ಇದೆ, ಮೇಲೆ ‘ಸರ್ವರ್’ ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ. ಕಂಪ್ಯೂಟರ್ ಏಳದಿದ್ದಾಗಲೂ ಅದು ತೆರೆಯುತ್ತದೆ. ಅದರ ಜೊತೆಗೆ ‘ಇಟಿಸಿಕೀಪರ್’ ಹಾಕಿದರೆ ಇಟಿಸಿ ಫೋಲ್ಡರ್‌ನ ಪ್ರತಿ ಬದಲಾವಣೆಯೂ ಗಿಟ್‌ನಲ್ಲಿ (ಬದಲಾವಣೆಗಳ ಇತಿಹಾಸ ಇಡುವ ಪ್ರೋಗ್ರಾಮ್) ಉಳಿಯುತ್ತದೆ. ಪಾಸ್‌ವರ್ಡ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆಯಬೇಡಿ. ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮಾಲೀಕರ ತಿಜೋರಿಯಲ್ಲಿ ಇಡಿ.

ಕೊನೆಯ ದಿನ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಖಾತೆಗೆ ಸುಡೊ ಕೊಡಿ, ಅವರೇ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆಯಲಿ. ಆಮೇಲೆ ನಿಮ್ಮ ಎಸ್‌ಎಸ್‌ಎಚ್ ಕೀ ಅಳಿಸುವುದು, ನಿಮ್ಮನ್ನು ಸುಡೊ ಗುಂಪಿನಿಂದ ತೆಗೆಯುವುದು, ಲಕೋಟೆಯ ಪಾಸ್‌ವರ್ಡ್ ಬದಲಿಸುವುದು, ಈ ಮೂರನ್ನೂ ಅವರ ಕೈಯಿಂದಲೇ ಮಾಡಿಸಿ ಎದ್ದು ಬನ್ನಿ.